ಒಂದು ಚಕ್ರವೋ, ಎರಡೂ ಚಕ್ರವೋ?

ದೂರ ಪ್ರಯಾಣಕ್ಕೆಂದು ಮೋಟಾರ್ ಸೈಕಲನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸ ನಮ್ಮ ಮುಂಬಯಿಯ ತರುಣರಲ್ಲಿಯೂ ಇದೆ. ಗಾಳಿತಡೆಯ ಗಾಜು, ಸಾಮಾನಿನ ಪೆಟ್ಟಿಗೆ, ಮೆತ್ತನೆಯ ಆಸನ ಇವೆಲ್ಲ ಆದ ಮೇಲೆ ದೃಷ್ಟಿಯು ಚಕ್ರಗಳತ್ತ ಹೊರಳುತ್ತದೆ. ಕಡ್ಡಿಯ ಚಕ್ರವನ್ನು ತೆಗೆಸಿ ಮಿಶ್ರಲೋಹದ ಎರಕದ ಚಕ್ರವನ್ನು ಹಾಕಿಸಬೇಕೆಂಬ ಆಸೆ. ಹಣವಾದರೋ ಒಂದಕ್ಕೇ ಸಾಲುತ್ತದೆ. ಒಂದನ್ನು ಮಾತ್ರ ಬದಲಿಸಬಹುದೆ? ವಿದ್ಯಾರ್ಥಿ ಮಿತ್ರರೇ, ನಿಮ್ಮ ಅಣ್ಣಂದಿರು ಕೇಳುವ ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಎತ್ತಿನ ಬಂಡಿಯ ಗಾಲಿಯನ್ನು ಊರಿನಲ್ಲಿ ನೀವು ನೋಡಿರಬಹುದು. ಅದರ ಮರದ ಅರಗಳು ಕಂಬಗಳಂತೆ ಭಾರವನ್ನು ಹೊರುತ್ತವೆ. ಮೋಟಾರ್ ಸೈಕಲ್ಲಿನ ತೆಳ್ಳನೆಯ ಕಡ್ಡಿಗಳು ಹಾಗೆ ಹೊರಲಾರವು. ತಂಬೂರಿಯ ತಂತಿಗಳಂತೆ ಬಿಗಿದು, ಎಳೆತದ ಬಲದಿಂದಲೇ ಚಕ್ರವನ್ನು ದುಂಡಗಿರಿಸುತ್ತವೆ. ಗುಂಡಿಗೆ ಬಿದ್ದಾಗ ಇಂತಹ ಚಕ್ರ ತುಸು ಬಳುಕಿ ಪೆಟ್ಟನ್ನು ನುಂಗುತ್ತದೆ. ಅಲ್ಪಸ್ವಲ್ಪ ಸೊಟ್ಟಗಾದರೆ ಸಣ್ಣ ಊರಿನ ಮೆಕ್ಯಾನಿಕನೂ ಕಡ್ಡಿಗಳನ್ನು ಬಿಗಿದು, ಸಡಿಲಿಸಿ ನೇರಗೊಳಿಸಬಲ್ಲನು. ಎರಕದ ಚಕ್ರವಾದರೋ ಬಿರುಕು ಬಿಟ್ಟಿತೆಂದರೆ ಬದಲಿಸುವುದೇ ಕ್ಷೇಮ.

ಹಾಗಿದ್ದರೂ ಅದರ ಮೇಲೆ ಮೋಹವೇಕೆ? ಕಡ್ಡಿಗಳ ತುದಿಗಳು ರಿಮ್ಮಿನ ರಂಧ್ರಗಳಲ್ಲಿ ಕೂಡುವುದರಿಂದ ಸಾಮಾನ್ಯ ಕಡ್ಡಿಯ ಚಕ್ರದಲ್ಲಿ ಟ್ಯೂಬಿಲ್ಲದೆ ಗಾಳಿ ನಿಲ್ಲದು. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಒಮ್ಮೆಲೇ ಹೋಗಿಬಿಡಬಹುದು. ಟ್ಯೂಬಿಲ್ಲದ ಟಯರಿನಲ್ಲಿ ಬಹುಮಟ್ಟಿಗೆ ನೆಟ್ಟ ಮೊಳೆಯೇ ಬಿರಡೆಯಾಗಿ, ಗಾಳಿ ಮೆಲ್ಲಮೆಲ್ಲನೆ ಸೋರುತ್ತದೆ. ಚಕ್ರವನ್ನು ಬಿಚ್ಚದೆಯೇ ಹೊರಗಿನಿಂದ ರಬ್ಬರಿನ ಎಳೆಯನ್ನು ತುರುಕಿ ಮುಂದೆ ಸಾಗಬಹುದು.

‘ಚುಚ್ಚುವುದು ಹಿಂದಿನ ಚಕ್ರಕ್ಕೇ ಹೆಚ್ಚು, ಅದೊಂದನ್ನು ಬದಲಿಸಿದರೆ ಸಾಕು’ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಮಲಗಿದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಹಿಂದಿನದು ಚುಚ್ಚಿಸಿಕೊಳ್ಳುತ್ತದೆ. ಪೆಟ್ಟಿಗೆಗಳ ಭಾರವೂ ಅದರ ಮೇಲೆಯೇ. ಆದರೆ ಎಷ್ಟು ಸಲ ಚುಚ್ಚೀತು ಎಂಬುದರೊಡನೆ, ಚುಚ್ಚಿದಾಗ ಏನಾದೀತು ಎಂಬುದನ್ನೂ ಎಣಿಸಬೇಡವೆ? ದಿಕ್ಕನ್ನು ಹಿಡಿದಿರುವುದು ಮುಂದಿನ ಚಕ್ರ. ಬ್ರೇಕು ಒತ್ತಿದೊಡನೆ ಭಾರವೂ ಅದರ ಮೇಲೆಯೇ ವಾಲುತ್ತದೆ. ಮುಂಬಯಿ-ಪುಣೆ ವೇಗಮಾರ್ಗದಲ್ಲಿ ದ್ವಿಚಕ್ರಗಳಿಗೆ ಪ್ರವೇಶವಿಲ್ಲದ ಕಾರಣ, ಹುಬ್ಬಳ್ಳಿಯಿಂದ ಮರಳುವವನು ಹಳೆಯ ಹೆದ್ದಾರಿಯ ಘಾಟಿಯನ್ನೇ ಇಳಿಯಬೇಕು. ಆ ತಿರುವಿನಲ್ಲಿ ಮುಂದಿನ ಟಯರು ಕುಸಿದರೆ ಹ್ಯಾಂಡಲು ಕೈಮೀರಿತು. ಬೆನ್ನ ಹಿಂದೆ ಕುಳಿತವರ ಪ್ರಾಣವೂ ಅದರಲ್ಲಿದೆ.

ಇನ್ನೊಂದು ತೊಡಕು. ಒಂದು ಚಕ್ರದಲ್ಲಿ ಟ್ಯೂಬು ಉಳಿದರೆ ರಬ್ಬರಿನ ಎಳೆಯ ಜೊತೆಗೆ ಟಯರು ಕೀಳುವ ಪಟ್ಟಿ, ಬದಲಿ ಟ್ಯೂಬು ಎಲ್ಲವನ್ನೂ ಹೊರಬೇಕು. ಆದುದರಿಂದ ಎರಡನ್ನೂ ಬದಲಿಸಬೇಕು, ಇಲ್ಲವೇ ಎರಡನ್ನೂ ಹಾಗೆಯೇ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಒಂದೊಂದಾಗಿಯೇ ಕೊಳ್ಳಬೇಕಾಗಿ ಬಂದರೆ ಮೊದಲು ಮುಂದಿನದು.

ಕೊಳ್ಳುವಾಗ ಅಳತೆ ಕೆಡಬಾರದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಮುಂದಿನ ಚಕ್ರ 19 ಅಂಗುಲ, ಹಿಂದಿನದು 18. ಬ್ರೇಕಿನ ತಟ್ಟೆಯೂ, ಚಕ್ರವು ಬಿಗಿದುನಿಲ್ಲದಂತೆ ಕಾಯುವ ಎ.ಬಿ.ಎಸ್. ಉಂಗುರವೂ ಸರಿಯಾಗಿ ಕೂಡಬೇಕು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ. ಆದಕಾರಣ ತಯಾರಕರೇ ಆ ಮಾದರಿಗೆಂದು ಮಾಡಿದ ಚಕ್ರವನ್ನು ಆರಿಸುವುದು ಲೇಸು.

ಹಣ ಕೂಡುವವರೆಗೆ, ಹೊರಡುವ ಮುನ್ನ ಸಣ್ಣ ಸ್ಪ್ಯಾನರಿನಿಂದ ಪ್ರತಿಯೊಂದು ಕಡ್ಡಿಯನ್ನೂ ಮೆಲ್ಲನೆ ತಟ್ಟಿ ನೋಡಬಹುದು. ಬಿಗಿಯಾದುದು ಟಿಣ್ ಎನ್ನುತ್ತದೆ. ಸಡಿಲಾದುದರ ದನಿ ಮಂಕು.