ನಾಡಿ ನೋಡುವ ಕೈಗಡಿಯಾರ: ನಂಬಬಹುದಾದದ್ದು ಎಷ್ಟು?

ಕಳೆದ ಸರ್ವ ಸದಸ್ಯರ ಸಭೆಯಲ್ಲಿ ಹೊಸನಗರದ ಕಡೆಯ ಸದಸ್ಯರೊಬ್ಬರು ಎದ್ದು ನಿಂತು, ಗೊಬ್ಬರ, ಮೈಲುತುತ್ತ, ಸುಣ್ಣಗಳನ್ನು ಒದಗಿಸುವ ಸಂಘವು ಎದೆಬಡಿತ ಅಳೆಯುವ ಕೈಗಡಿಯಾರಗಳನ್ನೂ ಕಂತಿನ ಮೇಲೆ ತರಿಸಿಕೊಡಬಾರದೇಕೆ ಎಂದು ಕೇಳಿದರು. ಕೆಲವರು ನಕ್ಕರು. ಕೇಳಿದವರು ನಗಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಡಾಂಬರು ರಸ್ತೆಗೆ ಒಂದೂವರೆ ಮೈಲಿ, ಮಳೆಗಾಲದ ರಾತ್ರಿ ಎದೆ ಹಿಡಿದುಕೊಂಡರೆ ಕೂಗಿದರೂ ಕೇಳುವವರಿಲ್ಲ. "ಗಡಿಯಾರವಾದರೂ ಮುಂಚಿತವಾಗಿ ಹೇಳುತ್ತದಂತಲ್ಲ ಸ್ವಾಮಿ" ಎಂದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕುಗಳಲ್ಲೂ ಇಂಥ ಮನೆಗಳು ಊರಿಗೆ ನಾಲ್ಕಾರು ಇರುವುದು ನಮಗೆಲ್ಲ ತಿಳಿದ ವಿಷಯವೇ. ಅಧ್ಯಕ್ಷರು, "ಕಾರ್ಯದರ್ಶಿಗಳು ವಿಚಾರಿಸಿ ಪತ್ರಿಕೆಯಲ್ಲಿ ಬರೆಯುತ್ತಾರೆ" ಎಂದು ನನ್ನ ಕಡೆ ಕೈ ತೋರಿಸಿ ಮುಂದಿನ ವಿಷಯಕ್ಕೆ ಹೋದರು.

ನಾನು ವೈದ್ಯನಲ್ಲ. ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಮರಳಿದವನು. ಓದಿ ತಿಳಿದದ್ದನ್ನೂ, ಪರಿಚಯದ ವೈದ್ಯರನ್ನು ಕೇಳಿ ತಿಳಿದದ್ದನ್ನೂ, ಮಗ ತಂದುಕೊಟ್ಟ ಗಡಿಯಾರವನ್ನು ಒಂದೂವರೆ ವರ್ಷ ಕೈಗೆ ಕಟ್ಟಿಕೊಂಡು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಇದು ನಾಡಿಯನ್ನು ಹೇಗೆ ನೋಡುತ್ತದೆ ಎಂಬುದು. ಗಡಿಯಾರವನ್ನು ಬಿಚ್ಚಿ ಬೆನ್ನನ್ನು ತಿರುಗಿಸಿದರೆ ಹಸಿರು ದೀಪ ಮಿಣುಕುವುದು ಕಾಣುತ್ತದೆ. ರಕ್ತ ಕೆಂಪು, ಅದು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಒತ್ತಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ಹೆಚ್ಚು ರಕ್ತ ಬಂದು, ಹಿಂತಿರುಗುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಬಡಿತ ಎಂದು ತೋರಿಸುವುದೇ ಅದರ ಕೆಲಸ. ಅಂದರೆ ಗಡಿಯಾರವು ಹೃದಯವನ್ನು ನೋಡುತ್ತಿಲ್ಲ. ಚರ್ಮದ ಕೆಳಗೆ ಹಾದುಹೋಗುವ ರಕ್ತದ ಅಲೆಯನ್ನು ನೋಡುತ್ತಿದೆ. ಪಂಡಿತರು ಮೂರು ಬೆರಳಿಟ್ಟು ನೋಡುತ್ತಿದ್ದುದನ್ನು ಇದು ಬೆಳಕಿನಿಂದ ನೋಡುತ್ತದೆ ಎನ್ನಬಹುದು. ಪಂಡಿತರಾದರೋ ಮುಖವನ್ನೂ ನಾಲಗೆಯನ್ನೂ ನೋಡುತ್ತಿದ್ದರು, ಇದು ನೋಡುವುದಿಲ್ಲ.

ಪಟ್ಟಿ ಸಡಿಲವಿದ್ದರೆ, ಕೈ ಒಂದೇ ಸಮನೆ ಅಲುಗುತ್ತಿದ್ದರೆ, ಲೆಕ್ಕ ತಪ್ಪುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ನನ್ನ ನಾಡಿ 140 ಎಂದು ತೋರಿಸಿತು. ಕೈ ನಿಲ್ಲಿಸಿ ಬೆರಳಿಟ್ಟು ಎಣಿಸಿದರೆ 84. ಕಳೆ ಕೊಚ್ಚುವ ಯಂತ್ರ ಹಿಡಿದರಂತೂ ಅದು ಹೇಳುವುದನ್ನು ಕೇಳಲೇಬಾರದು. ಅಗ್ಗದ ಇನ್ನೊಂದು ಗಡಿಯಾರವನ್ನು ಕುತೂಹಲಕ್ಕೆಂದು ಬಾಳೆಹಣ್ಣಿಗೆ ಕಟ್ಟಿ ನೋಡಿದೆ. ಬಾಳೆಹಣ್ಣಿನ ನಾಡಿ 72! ಮನೆಯವರು, "ನಿಮಗಿಂತ ಅದರ ಆರೋಗ್ಯವೇ ವಾಸಿ" ಎಂದರು.

ಇನ್ನು, ನಾಡಿ ಏರಿದ್ದೆಲ್ಲ ರೋಗವಲ್ಲ. ಕುಳಿತಿರುವ ವಯಸ್ಕರಿಗೆ 60ರಿಂದ 100ರವರೆಗೆ ಸಾಮಾನ್ಯ. ಎಲೆಅಡಿಕೆ ಹಾಕಿದ ಕೆಲವು ನಿಮಿಷ ನಾಡಿ ಏರುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಮಾತ್ರೆ ನುಂಗುವವರ ನಾಡಿ ಏರಬೇಕಾದಾಗಲೂ ಅಷ್ಟಾಗಿ ಏರುವುದಿಲ್ಲ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಬಡಿತ ಹೆಚ್ಚುವುದು ವಾಡಿಕೆ. ಆದರೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, 2018-19ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡ ಮಂಗನ ಕಾಯಿಲೆಯಲ್ಲಿ ಜ್ವರಕ್ಕೆ ತಕ್ಕಷ್ಟು ನಾಡಿ ಏರದೆ ನಿಧಾನವಾಗಿಯೇ ಇರುವುದುಂಟು. ಕಾಡಿಗೆ ದರಕು ತರಲು ಹೋಗಿ ಬಂದವರು ಜ್ವರ ಬಂದಾಗ ಗಡಿಯಾರ ಸುಮ್ಮನಿದೆಯೆಂದು ತಾವೂ ಸುಮ್ಮನಿರಕೂಡದು.

ಹಾಗಾದರೆ ಇದು ನಿಜವಾಗಿ ಉಪಕಾರಿಯಾಗುವುದು ಎಲ್ಲಿ? ನಾಡಿಯ ಲಯ ತಪ್ಪಿದಾಗ. ಹೃದಯದ ಮೇಲಣ ಕೋಣೆಗಳು ಸರಿಯಾಗಿ ಒತ್ತದೆ ನಡುಗುತ್ತಿರುವ ಒಂದು ಸ್ಥಿತಿಯುಂಟು. ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಅದರಲ್ಲಿ ನಾಡಿ ತಾಳವಿಲ್ಲದ ಮದ್ದಲೆಯಂತೆ ಬಡಿಯುತ್ತದೆ. ಅನೇಕರಿಗೆ ಇದು ತಿಳಿಯುವುದೇ ಇಲ್ಲ. ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಮೊದಲೇ ತಿಳಿದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟು ಬಹುಪಾಲು ತಡೆಯಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಪಲ್ ಗಡಿಯಾರ ಕಟ್ಟಿದ 4,19,297 ಜನರನ್ನು ಪರೀಕ್ಷೆಗೆ ಸೇರಿಸಿಕೊಂಡು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಪೈಕಿ ನಾಡಿಯ ಲಯ ತಪ್ಪಿದೆಯೆಂದು ಎಚ್ಚರಿಕೆ ಬಂದದ್ದು 2,161 ಜನರಿಗೆ, ಅಂದರೆ ನೂರಕ್ಕೆ ಅರ್ಧ. 65 ದಾಟಿದವರಲ್ಲಿ ನೂರಕ್ಕೆ ಮೂವರಿಗೆ. ಎಚ್ಚರಿಕೆ ಬಂದವರ ಎದೆಗೆ ಇ.ಸಿ.ಜಿ. ಪಟ್ಟಿ ಅಂಟಿಸಿ ನೋಡಿದಾಗ, ಪಟ್ಟಿ ಹಿಂತಿರುಗಿಸಿದ 450 ಜನರಲ್ಲಿ ನೂರಕ್ಕೆ 34ರಷ್ಟು ಮಂದಿಯಲ್ಲಿ ಈ ತೊಂದರೆ ದೃಢಪಟ್ಟಿತು. ಉಳಿದವರದೆಲ್ಲ ಸುಳ್ಳು ಎಚ್ಚರಿಕೆಯೆಂದಲ್ಲ. ಈ ತೊಂದರೆ ಬಂದು ಹೋಗುವಂಥದು, ಪಟ್ಟಿ ಅಂಟಿಸಿದ್ದು ಕೆಲವು ದಿನಗಳ ನಂತರ. ಆದಕಾರಣ ಅಂಥ ಎಚ್ಚರಿಕೆ ಒಮ್ಮೆ ಬಂದರೂ ವೈದ್ಯರಿಗೆ ತೋರಿಸುವುದೇ ಲೇಸು. ಕುಳಿತಲ್ಲೇ ಹತ್ತು ನಿಮಿಷ ನಾಡಿ 120 ದಾಟಿದರೆ ಅಥವಾ 40ಕ್ಕಿಂತ ಇಳಿದರೆ ಎಚ್ಚರಿಸುವ ಏರ್ಪಾಡೂ ಹಲವು ಗಡಿಯಾರಗಳಲ್ಲಿದೆ. ವಯಸ್ಸಾದವರಿಗೆ ಆಗಾಗ ತಲೆಸುತ್ತು ಬಂದು ಬೀಳುವುದು, ಜೊತೆಗೆ ನಾಡಿ ತೀರ ಕೆಳಗಿರುವುದು, ಇವೆರಡೂ ಕೂಡಿದರೆ ಉಪೇಕ್ಷಿಸತಕ್ಕದ್ದಲ್ಲ.

ಆದರೆ ಸಭೆಯಲ್ಲಿ ಆ ಸದಸ್ಯರ ಮನಸ್ಸಿನಲ್ಲಿದ್ದುದು ಇದಾಗಿರಲಿಲ್ಲ. ಅವರು ಹೆದರಿದ್ದು ಹೃದಯಾಘಾತಕ್ಕೆ. ಅಲ್ಲಿಯೇ ಗಡಿಯಾರ ಕೈ ಬಿಡುತ್ತದೆ. ಹೃದಯಾಘಾತವೆಂದರೆ ಹೃದಯದ ಮಾಂಸಕ್ಕೇ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುವುದು. ತೋಟದ ಕಪ್ಪಿನಲ್ಲಿ ನೀರು ಹರಿಯುತ್ತಿರುವಾಗಲೇ ಒಂದು ಸಾಲಿನ ಕವಲು ಕಟ್ಟಿಕೊಂಡ ಹಾಗೆ. ನೀರು ಸಿಗದ ಆ ಭಾಗ ಒಳಗೊಳಗೇ ಸಾಯುತ್ತಿದ್ದರೂ ಹೃದಯ ಲಯಬದ್ಧವಾಗಿ ನಿಮಿಷಕ್ಕೆ 75 ಸಲ ಬಡಿಯುತ್ತಲೇ ಇರಬಹುದು. ಗಡಿಯಾರ ಎಣಿಸುವುದು ಬಡಿತವನ್ನು ಮಾತ್ರ. ಕೆಲವು ಗಡಿಯಾರಗಳಲ್ಲಿ ಬೆರಳಿಟ್ಟು ಮೂವತ್ತು ಸೆಕೆಂಡಿನ ಇ.ಸಿ.ಜಿ. ತೆಗೆಯಬಹುದೆಂಬುದು ನಿಜ, ಅದು ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ. ಆಸ್ಪತ್ರೆಯ ಯಂತ್ರ ನೋಡುವುದು ಹನ್ನೆರಡು ದಿಕ್ಕಿನಿಂದ. ತಮ್ಮ ಗಡಿಯಾರ ಹೃದಯಾಘಾತವನ್ನು ಪತ್ತೆ ಮಾಡಲಾರದೆಂದು ತಯಾರಕರೇ ಬರೆದಿದ್ದಾರೆ, ಓದುವವರು ಯಾರು?

ನಾನೂ ಓದಿರಲಿಲ್ಲ. ಕೊನೆ ಕೊಯ್ಲಿನ ಗಡಿಬಿಡಿಯ ಒಂದು ಸಂಜೆ ನೆರೆಮನೆಯ ಭಾವ ಅಡಿಕೆ ಬೇಯಿಸುವ ಒಲೆಯ ಬಳಿಯಿಂದ ಎದ್ದು ಬಂದು ನಮ್ಮ ಜಗುಲಿಯ ಮೇಲೆ ಕುಳಿತರು. ಎದೆಯ ನಡುವೆ ಏನೋ ಒತ್ತಿದ ಹಾಗೆ, ದವಡೆಯಲ್ಲಿ ಜೋಮು. ಮಧ್ಯಾಹ್ನದ ಊಟ ಹೆಚ್ಚಾಗಿ ವಾಯುವಾಗಿರಬೇಕು ಎಂದರು. ನಾನು ಬಹಳ ತಿಳಿದವನಂತೆ ನನ್ನ ಗಡಿಯಾರ ಬಿಚ್ಚಿ ಅವರ ಕೈಗೆ ಕಟ್ಟಿದೆ. 76. ಏರುಪೇರಿಲ್ಲ. "ನಾಡಿ ಸರಿಯಾಗಿದೆ ಭಾವ, ಏನೂ ಇಲ್ಲ" ಎಂದೆ. ಜೀರಿಗೆ ಕಷಾಯ ಕುಡಿದು ಎರಡು ಗಂಟೆ ಕುಳಿತರು. ಆ ಎರಡು ಗಂಟೆಯಲ್ಲಿ ನಾನು ನಾಲ್ಕೈದು ಸಲ ಅವರ ಕೈ ನೋಡಿದೆನೇ ಹೊರತು ಮುಖವನ್ನು ಸರಿಯಾಗಿ ನೋಡಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದದ್ದನ್ನು ಕಂಡವರು ನಮ್ಮ ಮನೆಯವರು. ಜೀಪು ತರಿಸಿ ತಾಲೂಕು ಆಸ್ಪತ್ರೆಗೆ ಒಯ್ದೆವು. ಇ.ಸಿ.ಜಿ. ಕಾಗದ ಹೊರಬರುತ್ತಿದ್ದಂತೆಯೇ ವೈದ್ಯರಿಗೆ ತಿಳಿಯಿತು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದರು. ಭಾವ ಉಳಿದರು. ಆದರೆ ಹೃದಯದ ಒತ್ತುವ ಶಕ್ತಿ ಕುಂದಿದೆ. ಈಗ ಅವರು ತೋಟದ ಮೇಲಣ ಅಂಚಿನಲ್ಲಿ ನಿಂತು ಕೆಳಗಿನವರಿಗೆ ಕೂಗಿ ಹೇಳುತ್ತಾರೆಯೇ ಹೊರತು ಇಳಿಯುವುದಿಲ್ಲ. ಅಂದು ವೈದ್ಯರು "ಎರಡು ಗಂಟೆ ಯಾಕೆ ತಡಮಾಡಿದಿರಿ?" ಎಂದು ಕೇಳಿದಾಗ ನಾನು ಗಡಿಯಾರದ ವಿಷಯ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಎದೆಯ ನಡುವೆ ಒತ್ತಡ, ಅದು ತೋಳಿಗೋ ದವಡೆಗೋ ಬೆನ್ನಿಗೋ ಹಬ್ಬುವುದು, ತಣ್ಣನೆಯ ಬೆವರು, ಉಸಿರು ಸಾಲದಿರುವುದು: ಇವು ಕಂಡರೆ ಗಡಿಯಾರ ಏನು ಹೇಳಿದರೂ ಇ.ಸಿ.ಜಿ. ಇರುವಲ್ಲಿಗೆ ಹೊರಡಬೇಕು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಹೆಂಗಸರಲ್ಲಿಯೂ ಎಷ್ಟೋ ಸಲ ವಾಕರಿಕೆ, ಬೆನ್ನು ನೋವು ಎಂದೇ ಶುರುವಾಗುತ್ತದೆ; ಅವರು ಹೇಳುವುದೂ ತಡ, ನಾವು ಕೇಳುವುದೂ ತಡ.

ಹೋಗಬೇಕಾದದ್ದು ಎಲ್ಲಿಗೆ? ನಾಳ ಬಿಡಿಸುವ ಚಿಕಿತ್ಸೆಗೆ ನಮ್ಮವರು ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕು. ಆದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಷ್ಟು ದೂರ ಹೋಗುವವರೆಗೆ ಕಾಯಿಸಬೇಕಾಗಿಲ್ಲ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ಕೇಂದ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಓದಿ ಹೇಳುವುದು, ಹೃದಯಾಘಾತವಾಗಿದ್ದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುವುದು, ಇದು ಅದರ ಕ್ರಮ. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಎಲ್ಲರನ್ನೂ ಹೆದರಿಸಿದ ಮೇಲೆ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ದಾಸ್ತಾನಿದೆಯೇ, ರಾತ್ರಿ ಇ.ಸಿ.ಜಿ. ತೆಗೆಯುವವರು ಇರುತ್ತಾರೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ವಿಚಾರಿಸಿಕೊಳ್ಳಿ.

ಗಡಿಯಾರದ ಇನ್ನೊಂದು ಆಶ್ವಾಸನೆ, ನಾವು ಬಿದ್ದರೆ ತಾನಾಗಿಯೇ ಫೋನು ಮಾಡುತ್ತದೆ ಎಂಬುದು. ಬೆಲೆಯುಳ್ಳ ಕೆಲವು ಗಡಿಯಾರಗಳಲ್ಲಿ, ಬಿದ್ದವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ತುರ್ತು ಸಂಖ್ಯೆಗೂ ಮಕ್ಕಳಿಗೂ ಸುದ್ದಿ ಕಳಿಸುವ ಏರ್ಪಾಡಿದೆ. ಒಬ್ಬರೇ ತೋಟಕ್ಕೆ ಹೋಗುವವರಿಗೆ ಇದು ಒಳ್ಳೆಯದೇ. ಆದರೆ ಗಡಿಯಾರ ಸಾಮಾನ್ಯವಾಗಿ ಮಾತಾಡುವುದು ಹತ್ತಿರದಲ್ಲಿರುವ ಫೋನಿನ ಮೂಲಕ. ನಮ್ಮ ಫೋನು ಇರುವುದು ಜಗುಲಿಯ ಕಿಟಕಿಯಲ್ಲಿ, ಯಾಕೆಂದರೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಗಡಿಯಾರವೂ ಇಲ್ಲ, ಫೋನೂ ಇಲ್ಲ, ಒಮ್ಮೊಮ್ಮೆ ಟವರೂ ಇಲ್ಲ. ತುಮರಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶರಾವತಿ ಹಿನ್ನೀರಿನ ಆಚೆ ಸಂಜೆ ಲಾಂಚ್ ನಿಂತ ಮೇಲೆ ಎದೆನೋವು ಬಂದವರ ಪಾಡು ಏನಾಗಿತ್ತೆಂಬುದು ಅವರಿಗೆ ಗೊತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆದಾಗ ಅವರ ಹೃದಯಗಳಿಗೆ ಆದ ಉಪಕಾರವನ್ನು ಯಾವ ಗಡಿಯಾರವೂ ಮಾಡಲಾರದು.

ಹೃದಯ ಪೂರ್ತಿ ನಿಂತುಹೋಗುವುದು ಬೇರೆಯೇ ವಿಷಯ. ಅಂಥ ಸಮಯದಲ್ಲಿ ನಾಡಿ ನಿಂತದ್ದನ್ನು ಗುರುತಿಸಿ ಸಹಾಯಕ್ಕೆ ಕರೆಮಾಡುವ ಗಡಿಯಾರವನ್ನು ಗೂಗಲ್ ಸಂಸ್ಥೆ 2024ರಲ್ಲಿ ಹೊರತಂದಿತು. ಆದರೆ ಅಂಥವರ ಎದೆಯನ್ನು ಕೂಡಲೇ ಒತ್ತದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. 108ರ ಗಾಡಿ ನಮ್ಮ ದಣಪೆಯವರೆಗೆ ಬರಲು ಎಷ್ಟು ನಿಮಿಷ ಬೇಕೆಂದು ಲೆಕ್ಕ ಹಾಕಿ. ಮನೆಯಲ್ಲಿರುವ ಎರಡನೆಯವರಿಗೆ ಎದೆ ಒತ್ತಲು ಬಂದರೆ ಮಾತ್ರ ಆ ಕರೆಗೆ ಅರ್ಥ. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಚುಚ್ಚದೆಯೇ ಸಕ್ಕರೆ ಅಳೆಯುತ್ತದೆಂದು ಹೇಳಿ ಮಾರುವ ಗಡಿಯಾರಗಳನ್ನು ಮಾತ್ರ ಯಾರೂ ಕೊಳ್ಳಬೇಡಿ. ಅವುಗಳನ್ನು ನಂಬಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರವರಿಯಲ್ಲಿಯೇ ಎಚ್ಚರಿಸಿದೆ. ಅದರ ಅಂಕಿ ನೋಡಿ ಇನ್ಸುಲಿನ್ ಚುಚ್ಚಿಕೊಂಡರೆ ಜೀವಕ್ಕೇ ಅಪಾಯ.

ಈಗ ಸಂಘದ ವಿಷಯ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಕರಾವಳಿ, ಮಲೆನಾಡುಗಳ ಹಳ್ಳಿಯ ವೈದ್ಯರನ್ನು ವಾಟ್ಸಾಪಿನ ಮೂಲಕ ಒಗ್ಗೂಡಿಸಿ, ದಾನಿಗಳಿಂದ ಇ.ಸಿ.ಜಿ. ಯಂತ್ರಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಡಿಸುತ್ತ ಬಂದಿದ್ದಾರೆ. ಹಳ್ಳಿಯಲ್ಲಿ ತೆಗೆದ ಇ.ಸಿ.ಜಿ.ಯ ಚಿತ್ರವನ್ನು ಕಳಿಸಿದರೆ ತಜ್ಞರು ನೋಡಿ ಅಭಿಪ್ರಾಯ ಹೇಳುತ್ತಾರೆ. ಇದರಲ್ಲಿ ದೊಡ್ಡ ಯಂತ್ರವಿಲ್ಲ, ದೊಡ್ಡ ಕಟ್ಟಡವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇನ್ನೂರು ಸದಸ್ಯರಿಗೆ ಗಡಿಯಾರ ಕೊಡಿಸುವ ಹಣದ ಒಂದು ಸಣ್ಣ ಪಾಲಿನಲ್ಲಿ, ಇ.ಸಿ.ಜಿ. ಇಲ್ಲದ ನಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರಕ್ಕೆ ಒಂದು ಯಂತ್ರವನ್ನು ಕೊಡಬಹುದು. ಹೋಬಳಿಗೊಂದು ದಿನ ಎದೆ ಒತ್ತುವುದನ್ನು ಕಲಿಸಲು ವೈದ್ಯರನ್ನು ಕರೆಸಬಹುದು. ಸಹಕಾರಿ ಸದಸ್ಯರ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು ಮತ್ತೆ 2022-23ರಲ್ಲಿ ಶುರುವಾಗಿದೆ. ಅದರ ನವೀಕರಣವನ್ನು ಮರೆತವರು ಕಛೇರಿಗೆ ಬರಬೇಕು.

ಗಡಿಯಾರ ಬೇಕೆನ್ನುವವರು ಸ್ವಂತಕ್ಕೆ ಕೊಳ್ಳಲು ಅಡ್ಡಿಯಿಲ್ಲ. ಅರವತ್ತೈದು ದಾಟಿದವರು, ಲಯ ತಪ್ಪುವುದೆಂದು ವೈದ್ಯರು ಹೇಳಿದವರು ಇ.ಸಿ.ಜಿ. ತೆಗೆಯಬಲ್ಲದ್ದನ್ನೇ ನೋಡಿ ಕೊಳ್ಳಲಿ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಬಿಗಿಯಾಗಿ ಕಟ್ಟಬೇಕು. ಅದು ಏನನ್ನಾದರೂ ಹೇಳಿದರೆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ಮೂವತ್ತು ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ ತಾಳೆ ನೋಡಿ.

ಯಂತ್ರ ಹಾಗೂ ತರಬೇತಿಯ ಪ್ರಸ್ತಾವವು ಆಡಳಿತ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿದೆ. ಪ್ರಶ್ನೆ ಕೇಳಿದ ಹೊಸನಗರದ ಸದಸ್ಯರಿಗೂ ಸಭೆಗೆ ಬರುವಂತೆ ಪತ್ರ ಬರೆದಿದ್ದೇನೆ. ಬೇರೆ ಅಭಿಪ್ರಾಯವುಳ್ಳ ಸದಸ್ಯರು ಅಷ್ಟರೊಳಗೆ ಲಿಖಿತವಾಗಿ ತಿಳಿಸಬಹುದು.