ಹೊಲದ ಮಕ್ಕಳಿಗೆ ಹಂಗಾಮಿಗೊಂದು ಪಾಠ



ನೊಗ ಹೂಡುವ ಮೊದಲು ಹೋರಿಯನ್ನು ಪಳಗಿಸುತ್ತೀರಿ. ಬಿತ್ತುವ ಮೊದಲು ಬೀಜದ ಮೊಳಕೆಯನ್ನು ಪರೀಕ್ಷಿಸುತ್ತೀರಿ. ಆದರೆ ಮಕ್ಕಳನ್ನು ಹೊಲಕ್ಕೆ ಕಳುಹಿಸುವಾಗ ಮಾತ್ರ "ಹುಷಾರಾಗಿ ಹೋಗಿ ಬಾ" ಎಂಬ ಒಂದು ಮಾತು ಹೇಳಿ ಸುಮ್ಮನಾಗುತ್ತೇವೆ. ಹುಷಾರು ಎಂದರೇನು, ಅಪಾಯ ಎದುರಾದಾಗ ಕೈ ಏನು ಮಾಡಬೇಕು, ಕಾಲು ಎತ್ತ ಓಡಬೇಕು ಎಂಬುದನ್ನು ಕಲಿಸುವುದಿಲ್ಲ.

ಹುನಗುಂದ ಭಾಗದಲ್ಲಿ ಈ ಪಾಠದ ಅವಶ್ಯಕತೆ ಹೆಚ್ಚು. ಒಂದು ಕಡೆ ಕೂಡಲಸಂಗಮದಲ್ಲಿ ಕೂಡುವ ಕೃಷ್ಣೆ ಮಲಪ್ರಭೆಯರು. ಇನ್ನೊಂದು ಕಡೆ ಮರದ ನೆರಳೂ ಸಿಗದ ಎರೆಹೊಲಗಳು. ದುಡಿಮೆಗಾಗಿ ಗೋವೆ, ಮಂಗಳೂರಿನ ಕಡೆಗೆ ಹೋಗುವ ತಂದೆ ತಾಯಿಗಳು ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಡುವುದುಂಟು. ಅಂಥ ಮನೆಯಲ್ಲಿ ಹನ್ನೆರಡು ವರ್ಷದ ಮಗುವೇ ಮೊದಲು ಓಡಿ ಬರುವ ಸಹಾಯಕ. ಆದ್ದರಿಂದ ಹಂಗಾಮಿಗೊಂದು ಪಾಠವನ್ನು ಗೊತ್ತುಮಾಡಿಕೊಂಡು, ಬಾಯಿಮಾತಿನಲ್ಲಿ ಹೇಳದೆ ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವುದು ಯೋಗ್ಯ.

ಬೇಸಿಗೆ: ನೀರಿನ ಪಾಠ

ಶಾಲೆಗೆ ರಜೆ ಇರುವ ಏಪ್ರಿಲ್–ಮೇ ತಿಂಗಳು ಈಜು ಕಲಿಸಲು ಸರಿಯಾದ ಕಾಲ. ಹಿಂದೆ ಹಿರಿಯರು ಸೊಂಟಕ್ಕೆ ಬೆಂಡು ಇಲ್ಲವೆ ಒಣ ಸೋರೆಬುರುಡೆ ಕಟ್ಟಿ, ಹಗ್ಗ ಹಿಡಿದು, ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಈಗಲೂ ಬಲ್ಲವರೊಬ್ಬರು ನೀರಿನಲ್ಲಿ ಜೊತೆಗಿದ್ದೇ ಕಲಿಸತಕ್ಕದ್ದು. ಹೆಣ್ಣುಮಕ್ಕಳನ್ನು ಇದರಿಂದ ಬಿಡಬಾರದು. ನೀರು ತರುವವರು, ಬಟ್ಟೆ ಒಗೆಯುವವರು ಹೆಚ್ಚಾಗಿ ಅವರೇ.

2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಅನೇಕ ಹೊಲಗಳಲ್ಲಿ ಕೃಷಿಹೊಂಡಗಳಾಗಿವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ದಂಡೆ ಜಾರುತ್ತದೆ. ಬಿದ್ದವರು, ಈಜು ಬಂದರೂ, ಹತ್ತಿ ಬರುವುದು ಕಷ್ಟ. ಹೊಂಡಕ್ಕೆ ಬೇಲಿ ಹಾಕಿರಿ. ಗಟ್ಟಿಯಾದ ಗೂಟಕ್ಕೆ ಹಗ್ಗ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ತುದಿಯನ್ನು ನೀರಿನೊಳಗೆ ಇಳಿಬಿಡಿರಿ. ಮುಚ್ಚಳ ಬಿಗಿಮಾಡಿದ ಖಾಲಿ ಕ್ಯಾನಿಗೆ ಇನ್ನೊಂದು ಹಗ್ಗ ಕಟ್ಟಿ ದಂಡೆಯ ಮೇಲೆ ಇಡಿರಿ.

ಮಕ್ಕಳು ಕಲಿಯಬೇಕಾದ ಕ್ರಮ ಇಷ್ಟೇ: ಮೊದಲು ಕೂಗು; ನೆಲದ ಮೇಲೆ ಬೋರಲಾಗಿ ಮಲಗಿ ಕೋಲು ಚಾಚು; ಎಟುಕದಿದ್ದರೆ ಕ್ಯಾನು ಎಸೆ; ನೀನು ಮಾತ್ರ ನೀರಿಗೆ ಇಳಿಯಬೇಡ. ಮುಳುಗುತ್ತಿರುವವನು ಹಿಡಿದವರನ್ನೂ ಎಳೆದುಕೊಳ್ಳುತ್ತಾನೆ. ಕ್ಯಾನು ಎಸೆಯುವುದನ್ನು ಹತ್ತು ಸಲ ಮಾಡಿಸಿರಿ. ಗುರಿ ತಾನಾಗಿ ಬರುತ್ತದೆ.

ಮುಂಗಾರಿನ ಮೊದಲು: ಸಿಡಿಲಿನ ಪಾಠ

ಮುಂಗಾರು ಕಾಲಿಡುವ ಮೊದಲಿನ ಗುಡುಗು ಮಳೆಗಳಲ್ಲಿ ಸಿಡಿಲಿನ ಭಯ ಹೆಚ್ಚು. ಮಿಂಚು ಕಂಡೊಡನೆ ಎಣಿಸಲು ಮಕ್ಕಳಿಗೆ ಕಲಿಸಿರಿ. ಗುಡುಗಿನ ಸದ್ದು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲಿದೆ ಎಂದು ತಿಳಿದು ಪಕ್ಕಾ ಕಟ್ಟಡದೊಳಗೆ ಸೇರಬೇಕು. ಒಂಟಿ ಬೇವಿನ ಮರ, ಬನ್ನಿ ಮರ, ಹುಲ್ಲಿನ ಗುಡಿಸಲು ಆಸರೆಯಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬಾರದು.

ಬಯಲು ಹೊಲದಲ್ಲಿ ಸಿಕ್ಕಿಕೊಂಡರೆ ಸಲಿಕೆ, ಗುದ್ದಲಿ ಬಿಟ್ಟು, ತಂತಿಬೇಲಿಯಿಂದ ದೂರ ಸರಿದು, ಎರಡೂ ಪಾದ ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಿನಲ್ಲಿ ಕೂಡಬೇಕು. ಮಲಗಕೂಡದು. ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರು ದೂರವಾಗಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಿ ಉಪಚರಿಸಬಹುದು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡುವ ಕೆಲಸವನ್ನು ಮಗುವಿಗೇ ಒಪ್ಪಿಸಿರಿ.

ಶ್ರಾವಣ: ಹೊಳೆಯ ಪಾಠ

ನಮ್ಮ ಹೊಳೆ ನಮ್ಮ ಆಕಾಶವನ್ನು ನೋಡಿ ಏರುವುದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಅಲ್ಲಿಯ ಘಟ್ಟದ ಮಳೆಯೇ ಆಧಾರ. ನವಿಲುತೀರ್ಥದ ಜಲಾಶಯ ತುಂಬಿ ನೀರು ಬಿಟ್ಟರೆ, ಹುನಗುಂದದಲ್ಲಿ ಬಿಸಿಲು ಇದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದುದನ್ನು ಕಂಡವರು ಇದನ್ನು ಬಲ್ಲರು. 2009ರ ಸೆಪ್ಟೆಂಬರ್ ಕೊನೆಯ ನೆರೆ ಬೇರೆ ಬಗೆಯದು. ಆಗ ಉತ್ತರ ಕರ್ನಾಟಕದಲ್ಲಿಯೇ ಭಾರಿ ಮಳೆ ಸುರಿದಿತ್ತು.

ಎರಡೂ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಯಾವ ದಾರಿ ಹಿಡಿದು ಯಾವ ದಿಬ್ಬಕ್ಕೆ ಹೋಗಬೇಕು, ಅಜ್ಜಿಯ ಕೈ ಯಾರು ಹಿಡಿಯಬೇಕು, ದನದ ಹಗ್ಗ ಯಾರು ಬಿಚ್ಚಬೇಕು ಎಂಬುದನ್ನು ಮೊದಲೇ ಹಂಚಿ ಒಮ್ಮೆ ನಡೆದು ನೋಡಿರಿ. ಹರಿಯುವ ನೀರು ಮೊಣಕಾಲಿಗೆ ಬಂದರೆ ದೊಡ್ಡವರೂ ನಿಲ್ಲಲಾರರು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದೆಂಬುದು ಮನೆಯ ಕಟ್ಟಳೆಯಾಗಲಿ.

ಹಿಂಗಾರು: ವಿಷದ ಪಾಠ

ಕಡಲೆ, ತೊಗರಿಗಳಿಗೆ ಕಾಯಿಕೊರಕ ಹುಳು ಬಿದ್ದಾಗ ಔಷಧ ಸಿಂಪಡಿಸುತ್ತೇವೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಲೇಬಾರದು. ದ್ರಾವಣ ಕಲಸುವುದಕ್ಕೂ ಕೂಡದು. ಆದರೆ ಡಬ್ಬಿಯ ಗುರುತನ್ನು ಓದಲು ಕಲಿಸಿರಿ. ಚೀಟಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ. ಅನಂತರ ಹಳದಿ, ನೀಲಿ, ಹಸಿರು ಎಂದು ಉಗ್ರತೆ ಇಳಿಯುತ್ತದೆ. ಹಸಿರೂ ವಿಷವೇ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬುವ ರೂಢಿಯನ್ನು ಇಂದೇ ಬಿಡಿರಿ.

ಮೈಮೇಲೆ ಔಷಧ ಬಿದ್ದರೆ ಬಟ್ಟೆ ತೆಗೆದು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಡಬ್ಬಿಯನ್ನು ಜೊತೆಗೆ ಹಿಡಿದು ಆಸ್ಪತ್ರೆಗೆ ಹೋಗಬೇಕು. ಹರಳು ಬೀಜ, ಕಾಡುಹರಳು, ಉಮ್ಮತ್ತಿ, ಗುಲಗಂಜಿ ಇವುಗಳನ್ನು ಬದುವಿನ ಮೇಲೆಯೇ ತೋರಿಸಿ, ಬಾಯಿಗೆ ಹಾಕಬಾರದೆಂದು ತಿಳಿಸಿರಿ. ಹಾಗೆಯೇ ತಿನ್ನಬಹುದಾದ ಹಕ್ಕರಕಿ, ಗೋಳಿ, ಕಿರಸಾಲಿ ಪಲ್ಯಗಳ ಗುರುತನ್ನೂ ಹಿಡಿಸಿರಿ.

ಸುಗ್ಗಿ: ಹಾವು ಮತ್ತು ಹಗೇವಿನ ಪಾಠ

ಕಣಿಕೆಯ ಬಣವಿ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಹಾವು. ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದು, ಕತ್ತಲಲ್ಲಿ ಬ್ಯಾಟರಿ ಮತ್ತು ಕಾಲ್ಮರಿ ಇಲ್ಲದೆ ಹೊರಡದಿರುವುದು, ನೆಲದ ಮೇಲೆ ಮಲಗದೆ ಹೊರಸಿನ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವುದು ಅಭ್ಯಾಸವಾಗಲಿ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೂ ಬಾವೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಹಾವು ಕಚ್ಚಿದಾಗ ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಹೀರುವುದು ಹಾನಿಕರ. ಕಚ್ಚಿಸಿಕೊಂಡವರು ಓಡಬಾರದು. ಕೈ ಅಥವಾ ಕಾಲಿಗೆ ಕಟ್ಟಿಗೆಯ ಪಟ್ಟಿ ಇಟ್ಟು, ಅರಿವೆಯಿಂದ ಸಡಿಲಾಗಿ ಕಟ್ಟಿ, ಅಲುಗಾಡದಂತೆ ಒಯ್ಯಬೇಕು. ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು ಒಂದೇ. ಈ ಪಟ್ಟಿ ಕಟ್ಟುವುದನ್ನು ಅಣ್ಣನ ಕಾಲಿಗೆ ತಂಗಿ, ತಂಗಿಯ ಕೈಗೆ ಅಣ್ಣ ಕಟ್ಟಿ ಕಲಿಯಲಿ.

ಹಿಂದೆ ಜೋಳ ತುಂಬುತ್ತಿದ್ದ ಹಗೇವುಗಳು ಕೆಲವು ಊರುಗಳಲ್ಲಿ ಉಳಿದಿವೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಪ್ರಾಣವಾಯು ಕಡಿಮೆಯಾಗಿ ಇಂಗಾಲಾಮ್ಲ ವಾಯು ತುಂಬಿರುತ್ತದೆ. ಹಾಳುಬಾವಿಗಳಲ್ಲಿಯೂ ಹೀಗಾಗುವುದುಂಟು. ಇಳಿದವರು ಕುಸಿದರೆ ಹಿಂದೆಯೇ ಇಳಿಯಬಾರದು, ಇಳಿದವರೂ ಉಳಿಯುವುದಿಲ್ಲ. ಮಗುವಿನ ಕೆಲಸ ಇಳಿಯುವುದಲ್ಲ, ಜನರನ್ನು ಕೂಗುವುದು.

ದಿನನಿತ್ಯ: ಒಲೆಯ ಪಾಠ

ಗಂಡಾಗಲಿ ಹೆಣ್ಣಾಗಲಿ, ಹನ್ನೆರಡು ವರ್ಷದ ಹೊತ್ತಿಗೆ ನುಚ್ಚು ಕುದಿಸಲು, ರೊಟ್ಟಿ ತಟ್ಟಲು ಬರಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮನೆಯಲ್ಲಿದ್ದರೆ ನೆರೆ ಬಂದಾಗ ಒಲೆ ಹೊತ್ತಿಸದೆ ದಿನ ತಳ್ಳಬಹುದು. ವಾಂತಿ ಭೇದಿಯಾದಾಗ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುವುದನ್ನು ಮಕ್ಕಳೇ ಅಳೆದು ಮಾಡಲಿ. ಉಪ್ಪು ಹೆಚ್ಚಾಗಬಾರದು.

112 ಮತ್ತು 108 ಬಾಯಿಪಾಠವಾಗಿರಲಿ. ಬೀಗ ಹಾಕಿದ ಮೊಬೈಲಿನಿಂದಲೂ 112ಕ್ಕೆ ಕರೆ ಮಾಡಬಹುದು. ಆದರೆ "ನಮ್ಮ ಹೊಲ" ಎಂದರೆ ಕೇಳುವವರಿಗೆ ತಿಳಿಯುವುದಿಲ್ಲ. ಊರು, ರಸ್ತೆ, ಹತ್ತಿರದ ಗುಡಿ ಇಲ್ಲವೆ ಹಳ್ಳದ ಹೆಸರು ಹೇಳಲು ಅಭ್ಯಾಸ ಮಾಡಿಸಿರಿ.

ಪಾಲಕರಿಗೆ ಒಂದು ಪಾಠ

ಇಷ್ಟೆಲ್ಲ ಕಲಿಸಿದರೂ ಒಂದು ತಪ್ಪಿನಿಂದ ಎಲ್ಲವೂ ವ್ಯರ್ಥವಾಗಬಹುದು. "ಹೊಂಡಕ್ಕೆ ಯಾಕೆ ಹೋದೆ?", "ಬಣವಿಯಲ್ಲಿ ಯಾಕೆ ಆಡಿದೆ?" ಎಂಬ ಬೈಗುಳಕ್ಕೆ ಅಂಜಿ ಮಗು ಹಾವು ಕಚ್ಚಿದ್ದನ್ನು, ಬೀಜ ತಿಂದಿದ್ದನ್ನು ಮುಚ್ಚಿಡುತ್ತದೆ. ಹಾಗೆ ಕಳೆದುಹೋಗುವ ಒಂದು ತಾಸೇ ಪ್ರಾಣದ ಬೆಲೆ. ಆದ್ದರಿಂದ "ಏನೇ ಆಗಿರಲಿ, ಬಂದು ಹೇಳಿದವರಿಗೆ ಏಟಿಲ್ಲ" ಎಂದು ಇಂದೇ ಮಾತು ಕೊಡಿರಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿರಿ.

ಸ್ವಾವಲಂಬನೆ ಎಂದರೆ ಎಲ್ಲವನ್ನೂ ಒಬ್ಬರೇ ಮಾಡುವುದಲ್ಲ. ತನ್ನಿಂದ ಆಗುವುದನ್ನು ತಡಮಾಡದೆ ಮಾಡುವುದು, ಆಗದಿದ್ದಲ್ಲಿ ಅಂಜದೆ ಕೂಗುವುದು. ಈ ಭಾನುವಾರ ಮಕ್ಕಳೊಂದಿಗೆ ಹೊಲಕ್ಕೆ ಹೋದಾಗ ಒಂದು ಹಗ್ಗ, ಒಂದು ಖಾಲಿ ಕ್ಯಾನು ಜೊತೆಗೆ ಒಯ್ಯಿರಿ. ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.