ಬರಿಗಾಲ ಹಾವಾಡಿಗ

ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತ ನಿಂತ ಹುಡುಗರ ಬಾಯಲ್ಲಿ ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿ ಹೆಸರು ಸಲೀಸು. ಅಹ್ಮದ್ ಖಾನ್ ಅಂದು ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಲ್ಲಿ 1926ರಲ್ಲಿ ಹುಟ್ಟಿ, ಎರಡು ಒಲಿಂಪಿಕ್ಸ್ ಆಡಿ, ಇಡೀ ಕಲ್ಕತ್ತೆಗೆ ಹುಚ್ಚು ಹಿಡಿಸಿದ ಮನುಷ್ಯ! ಅದೂ ಬರಿಗಾಲಲ್ಲಿ!

1948ರ ಜುಲೈ 31, ಒಲಿಂಪಿಕ್ಸ್, ಲಂಡನ್ ಅಂಚಿನ ಇಲ್ಫರ್ಡ್. ಎದುರಿಗೆ ಬೂಟು ತೊಟ್ಟ ಫ್ರಾನ್ಸ್. ನಮ್ಮ ಹನ್ನೊಂದು ಜನರಲ್ಲಿ ಎಂಟು ಮಂದಿ ಬರಿಗಾಲು, ಕೆಲವರ ಪಾದಕ್ಕೆ ಬಟ್ಟೆಪಟ್ಟಿ ಅಷ್ಟೆ. ಬಡತನ ಅಂದುಕೊಳ್ಳಬೇಡಿ, ಅವರಿಗೆ ಬೂಟೇ ಭಾರ! ಚೆಂಡು ಬೆರಳಿಗೆ ತಾಗಿದರೇನೇ ಅದರ ಜೊತೆ ಮಾತಾಡಿದಂತೆ. ಎರಡು ಪೆನಾಲ್ಟಿ ಕೈಚೆಲ್ಲಿದರೂ ಕೊನೆಗಳಿಗೆಯವರೆಗೆ 1-1, ಆಮೇಲೆ ಸೋಲು. ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು, ಯಾರದು ಗೊತ್ತೇ? ಸಾರಂಗಪಾಣಿ ರಾಮನ್ ಅವರದು. ಮೈಸೂರು ತಂಡದ ಆಟಗಾರ, ನಮ್ಮವರೇ!

ಅಂದು ಮುಂಪಡೆಯಲ್ಲಿ ಅಹ್ಮದ್ ಕೂಡ ಇದ್ದರು. ಮುಂದಿನ ವರ್ಷವೇ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ನೋಡಿ ತಮಾಷೆ: ಬಂಗಾಳದ ಕ್ಲಬ್ಬು, ಗೋಲು ಹೊಡೆಯುವ ಐವರೂ ದಕ್ಷಿಣದವರು! ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್ ಮತ್ತು ಅಹ್ಮದ್. ಅಭಿಮಾನಿಗಳು ಇಟ್ಟ ಹೆಸರು ಪಂಚಪಾಂಡವರು. 1949, 1950, 1951, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರದೇ. ಎಡಗಡೆಯಿಂದ ನುಸುಳಿ ಬರುವ ಅಹ್ಮದ್ ಕಾಲಲ್ಲಿ ಚೆಂಡು ಪುಂಗಿಗೆ ಆಡುವ ಹಾವಿನಂತೆ ಆಡುತ್ತಿತ್ತಂತೆ. ಅದಕ್ಕೇ ಅವರು ‘ಹಾವಾಡಿಗ’. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಗೆದ್ದ ಆಟವಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಚಳಿ, ಎದುರಾಳಿ ಯುಗೋಸ್ಲಾವಿಯಾ. ಅವರು ಹೊಡೆದದ್ದು ಒಂದಲ್ಲ, ಎರಡಲ್ಲ, ಹತ್ತು! ಬೇರೆ ಯಾರೇ ಆಗಿದ್ದರೂ ಸೀಟಿ ಊದಲಿ ಸಾಕು ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಅಹ್ಮದ್ 89ನೇ ನಿಮಿಷದಲ್ಲಿ ಗೋಲು ಹೊಡೆದರು! 10-1. ಆ ಆಟದ ನಂತರ ಫುಟ್‌ಬಾಲ್ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಒಂದು ಯುಗವನ್ನೇ ಮುಗಿಸಿದ ಆಟದಲ್ಲಿ ಭಾರತದ ಏಕೈಕ ಗೋಲು ಬೆಂಗಳೂರಿನವರದು.

ಅಹ್ಮದ್ ಮತ್ತೆ ಬೆಂಗಳೂರಿನವರಾಗಲಿಲ್ಲ, ಕಲ್ಕತ್ತೆಯವರಾಗಿಯೇ ಉಳಿದು ಅಲ್ಲೇ 2017ರ ಆಗಸ್ಟ್‌ನಲ್ಲಿ ತೀರಿಕೊಂಡರು. ನಾವು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟೆವಲ್ಲ!

ಈಗ ತಿರುವುಮುರುವು ನೋಡಿ. ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿ ವೃತ್ತಿ ಆರಂಭಿಸಿದ್ದು ಕಲ್ಕತ್ತೆಯ ಮೋಹನ್ ಬಾಗಾನ್‌ನಲ್ಲಿ. 2013ರಲ್ಲಿ ಬೆಂಗಳೂರಿಗೆ ಬಂದು ನಮ್ಮವರೇ ಆಗಿಬಿಟ್ಟರು. 2023ರ ಜೂನ್ 21ರಂದು ಮಳೆಯಲ್ಲಿ ಪಾಕಿಸ್ತಾನದ ವಿರುದ್ಧ ಮೂರು ಗೋಲು ಹೊಡೆದಾಗ ಕಂಠೀರವ ಕ್ರೀಡಾಂಗಣದ ಕೂಗು ಮೈಸೂರು ರಸ್ತೆಯುದ್ದಕ್ಕೂ ಬಿಡದಿಗೆ ಕೇಳಿಸಬೇಕಿತ್ತು! ಚೆಟ್ರಿಯ ಮಾವ ಸುಬ್ರತ ಭಟ್ಟಾಚಾರ್ಯ, ಈಸ್ಟ್ ಬೆಂಗಾಲಿನ ಬದ್ಧ ಎದುರಾಳಿ ಮೋಹನ್ ಬಾಗಾನ್‌ನ ದಂತಕಥೆ. ಅಹ್ಮದ್ ಬದಲಿಗೆ ಬಾಗಾನ್ ಮನೆಯ ಅಳಿಯ ಸಿಕ್ಕಿದ ಎಂದು ಈಸ್ಟ್ ಬೆಂಗಾಲಿನ ಹಳೇ ಅಭಿಮಾನಿಗಳ ಮುಂದೆ ಮಾತ್ರ ಹೇಳಲು ಹೋಗಬೇಡಿ.